ಪೂರ್ವಸ್ಥಾಪಿತ ಘಟಕಗಳು: ಖಾಸಗಿತನದ ಫೋನಿನಲ್ಲಿ ತೆಗೆಯುವುದೇನು, ಉಳಿಸುವುದೇನು

ಪೂರ್ವಸ್ಥಾಪಿತ ಘಟಕ ಎಂದರೇನು?

ಹೊಸ ಸ್ಮಾರ್ಟ್‌ಫೋನನ್ನು ಮೊದಲ ಬಾರಿ ಚಾಲೂ ಮಾಡಿದಾಗ ಪರದೆಯ ಮೇಲೆ ಕಾಣುವುದು ಹತ್ತಾರು ಚಿಹ್ನೆಗಳು ಮಾತ್ರ. ಆ ವೇಳೆಗಾಗಲೇ ಒಳಗೆ ನೆಲೆಗೊಂಡಿರುವ ತಂತ್ರಾಂಶಗಳು ನೂರಾರು. ಬಳಕೆದಾರರು ತಾವಾಗಿ ಇಳಿಸಿಕೊಳ್ಳದ, ಕಾರ್ಖಾನೆಯಲ್ಲಿಯೇ ಕಾರ್ಯಾಚರಣ ವ್ಯವಸ್ಥೆಯೊಂದಿಗೆ ತುಂಬಿ ಕಳುಹಿಸಲಾದ ಇಂಥ ಪ್ರತಿಯೊಂದು ತಂತ್ರಾಂಶವೂ ಪೂರ್ವಸ್ಥಾಪಿತ ವ್ಯವಸ್ಥಾ ಘಟಕ. ಕರೆ ಮಾಡುವ ಆಪ್, ಕೀಲಿಮಣೆ, ಅಕ್ಷರಗಳನ್ನು ಮೂಡಿಸುವ ಫಾಂಟ್, ಸ್ಥಳ ತಿಳಿಸುವ ಸೇವೆ, ಆಪ್ ಮಳಿಗೆ, ತಯಾರಕರ ಜಾಹೀರಾತು ಸೇವೆ ಎಲ್ಲವೂ ಈ ಗುಂಪಿಗೇ ಸೇರುತ್ತವೆ.

ಆಂಡ್ರಾಯ್ಡ್ ಫೋನುಗಳಲ್ಲಿ ಇವು ಮೂರು ಮೂಲಗಳಿಂದ ಬರುತ್ತವೆ. ಮೊದಲನೆಯದು ಆಂಡ್ರಾಯ್ಡ್‌ನ ಮುಕ್ತ ಆಕರ ಯೋಜನೆ. ಲಿನಕ್ಸ್ ತಿರುಳಿನ (ಕರ್ನಲ್) ಮೇಲೆ ಕಟ್ಟಲಾದ ಆಂಡ್ರಾಯ್ಡ್ 2008ರಲ್ಲಿ ಮೊದಲ ಫೋನಿನೊಂದಿಗೆ ಮಾರುಕಟ್ಟೆಗೆ ಬಂದಿತು. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು. ಎರಡನೆಯದು ಗೂಗಲ್‌ನ ಸೇವೆಗಳು. ಇವುಗಳ ಮೂಲ ಸಂಕೇತ ಮುಕ್ತವಾಗಿಲ್ಲ. ಮೂರನೆಯದು ಫೋನ್ ತಯಾರಕರು, ದೂರಸಂಪರ್ಕ ಕಂಪನಿಗಳು ಮತ್ತು ಅವರೊಂದಿಗೆ ವಾಣಿಜ್ಯ ಒಪ್ಪಂದ ಮಾಡಿಕೊಂಡ ಅನ್ಯ ಸಂಸ್ಥೆಗಳು ಸೇರಿಸಿದ ಆಪ್‌ಗಳು.

ಬಳಕೆದಾರರು ಇಳಿಸಿಕೊಂಡ ಆಪ್‌ಗೂ ಪೂರ್ವಸ್ಥಾಪಿತ ಆಪ್‌ಗೂ ಇರುವ ಮುಖ್ಯ ವ್ಯತ್ಯಾಸ ಅಧಿಕಾರದ್ದು. ಇಳಿಸಿಕೊಂಡ ಆಪ್ ಕ್ಯಾಮೆರಾವನ್ನೋ ಸಂಪರ್ಕ ಪಟ್ಟಿಯನ್ನೋ ಮುಟ್ಟಬೇಕಾದರೆ ಮೊದಲು ಕೇಳಬೇಕು. ಪೂರ್ವಸ್ಥಾಪಿತ ಘಟಕಗಳಲ್ಲಿ ಕೆಲವಕ್ಕೆ ಕೇಳದೆಯೇ ದೊರೆತ ವಿಶೇಷ ಅನುಮತಿಗಳಿರುತ್ತವೆ. ಬೇರೆ ಆಪ್‌ಗಳನ್ನು ಸದ್ದಿಲ್ಲದೆ ಸ್ಥಾಪಿಸುವುದು ಮತ್ತು ಸಾಧನದ ಬದಲಾಗದ ಗುರುತು ಸಂಖ್ಯೆಗಳನ್ನು ಓದುವುದು ಈ ವಿಶೇಷ ಅನುಮತಿಗಳಿಂದಲೇ ಸಾಧ್ಯವಾಗುತ್ತದೆ.

ತೆಗೆಯುವ ಅಗತ್ಯ ಏಕೆ ಬಂತು?

2016ರ ನವೆಂಬರ್‌ನಲ್ಲಿ ಕ್ರಿಪ್ಟೋವೈರ್ ಎಂಬ ಭದ್ರತಾ ಸಂಸ್ಥೆ ಒಂದು ವರದಿಯನ್ನು ಪ್ರಕಟಿಸಿತು. ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಕೆಲವು ಅಗ್ಗದ ಫೋನುಗಳಲ್ಲಿ ಅಡಪ್ಸ್ ಎಂಬ ಚೀನೀ ಕಂಪನಿಯ ನವೀಕರಣ ಘಟಕ ಪೂರ್ವಸ್ಥಾಪಿತವಾಗಿತ್ತು. ಅದು ಬಳಕೆದಾರರ ಕಿರುಸಂದೇಶಗಳ ಪೂರ್ಣ ಪಠ್ಯವನ್ನು 72 ಗಂಟೆಗಳಿಗೊಮ್ಮೆ ಚೀನಾದ ಸರ್ವರ್‌ಗಳಿಗೆ ಕಳುಹಿಸುತ್ತಿತ್ತು. ಆ ಘಟಕಕ್ಕೆ ಪರದೆಯ ಮೇಲೆ ಚಿಹ್ನೆ ಇರಲಿಲ್ಲ, ಅದನ್ನು ತೆಗೆಯುವ ಗುಂಡಿಯೂ ಇರಲಿಲ್ಲ.

2020ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನ 200ಕ್ಕೂ ಹೆಚ್ಚು ತಯಾರಕರ 1,700ಕ್ಕೂ ಹೆಚ್ಚು ಸಾಧನಗಳ ಪೂರ್ವಸ್ಥಾಪಿತ ತಂತ್ರಾಂಶವನ್ನು ಪರಿಶೀಲಿಸಿತು. ಈ ತಂತ್ರಾಂಶದ ಹಿಂದೆ ಜಾಹೀರಾತು ಮತ್ತು ದತ್ತಾಂಶ ವ್ಯಾಪಾರದ ಸಂಸ್ಥೆಗಳ ಜಾಲವೇ ಇದೆ ಎಂಬುದನ್ನು ಅದು ತೋರಿಸಿತು. ಮರುವರ್ಷ ಡಬ್ಲಿನ್‌ನ ಟ್ರಿನಿಟಿ ಕಾಲೇಜು ಮತ್ತು ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಆರು ಬಗೆಯ ಆಂಡ್ರಾಯ್ಡ್ ವ್ಯವಸ್ಥೆಗಳು ಹೊರಗೆ ಕಳುಹಿಸುವ ದತ್ತಾಂಶವನ್ನು ಅಳೆದರು. ಫೋನು ಕೈಗೆತ್ತಿಕೊಳ್ಳದೆ ಸುಮ್ಮನೆ ಬಿದ್ದಿದ್ದಾಗಲೂ ಸ್ಯಾಮ್‌ಸಂಗ್, ಶಿಯೋಮಿ, ಹುವಾವೇ ಮತ್ತು ರಿಯಲ್‌ಮಿ ಸಾಧನಗಳಿಂದ ತಯಾರಕರಿಗೂ, ಪೂರ್ವಸ್ಥಾಪಿತ ಆಪ್‌ಗಳ ಒಡೆಯರಾದ ಇತರ ಕಂಪನಿಗಳಿಗೂ ಗಣನೀಯ ಪ್ರಮಾಣದ ಮಾಹಿತಿ ಹೋಗುತ್ತಿತ್ತು. ಖಾಸಗಿತನಕ್ಕೆಂದೇ ರೂಪಿಸಿದ '/ಇ/ಓಎಸ್' ವ್ಯವಸ್ಥೆಯಿಂದ ಮಾತ್ರ ಬಹುತೇಕ ಏನೂ ಹೋಗುತ್ತಿರಲಿಲ್ಲ.

ಖಾಸಗಿತನಕ್ಕೆ ಆದ್ಯತೆ ನೀಡುವ ವ್ಯವಸ್ಥೆಗಳು

ಇಂಥ ವ್ಯವಸ್ಥೆಗಳು ಆಂಡ್ರಾಯ್ಡ್‌ನ ಮುಕ್ತ ಆಕರವನ್ನು ಬುನಾದಿಯಾಗಿ ಇಟ್ಟುಕೊಂಡು, ಗೂಗಲ್‌ನ ಮತ್ತು ತಯಾರಕರ ಹೆಚ್ಚುವರಿ ಘಟಕಗಳನ್ನು ಬಿಟ್ಟು ಕಟ್ಟಲ್ಪಟ್ಟವು. ಮ್ಯಾಂಡ್ರೇಕ್ ಲಿನಕ್ಸ್‌ನ ಕರ್ತೃ, ಫ್ರಾನ್ಸ್‌ನ ಗಾಯೆಲ್ ದುವಾಲ್ '/ಇ/ಓಎಸ್' ಆರಂಭಿಸಿದರು. 2016ರ ಕೊನೆಯಲ್ಲಿ ಸಯನೋಜೆನ್‌ಮಾಡ್ ನಿಂತುಹೋದಾಗ ಅದರ ಉತ್ತರಾಧಿಕಾರಿಯಾಗಿ ಲೀನಿಯೇಜ್‌ಓಎಸ್ ಹುಟ್ಟಿತು. ಕೆನಡಾದ ಡೇನಿಯಲ್ ಮಿಕೇ ಆರಂಭಿಸಿದ ಯೋಜನೆಯು 2019ರಿಂದ ಗ್ರಾಫೀನ್‌ಓಎಸ್ ಎಂಬ ಹೆಸರಿನಲ್ಲಿ ಮುಂದುವರಿದಿದೆ. ಭಾರತದಲ್ಲಿ 2023ರ ಜನವರಿಯಲ್ಲಿ ಐಐಟಿ ಮದ್ರಾಸ್‌ನ ಪ್ರವರ್ತಕ್ ಪ್ರತಿಷ್ಠಾನದ ಆಶ್ರಯದಲ್ಲಿ ಬೆಳೆದ ಒಂದು ನವೋದ್ಯಮ ಭಾರ್‌ಓಎಸ್ ಅನ್ನು ಪ್ರಕಟಿಸಿತು. ಪೂರ್ವನಿಗದಿತ ಆಪ್‌ಗಳಿಲ್ಲದೆ ಬರುವುದೇ ಅದರ ಪ್ರಧಾನ ಲಕ್ಷಣವೆಂದು ಆಗ ತಿಳಿಸಲಾಯಿತು.

ಗ್ರಾಫೀನ್‌ಓಎಸ್ ಗೂಗಲ್‌ನದೇ ಆದ ಪಿಕ್ಸೆಲ್ ಫೋನುಗಳ ಮೇಲೆ ನೆಲೆಗೊಂಡದ್ದು ಹಲವರಿಗೆ ವಿಚಿತ್ರವೆನಿಸುತ್ತದೆ. ಇದಕ್ಕೆ ಸಕಾರಣವಿದೆ. ಬೇರೊಂದು ವ್ಯವಸ್ಥೆಯನ್ನು ತುಂಬಿದ ಮೇಲೂ ಫೋನಿನ ಆರಂಭಿಕ ತಂತ್ರಾಂಶವಾದ ಬೂಟ್‌ಲೋಡರ್‌ನ ಬೀಗವನ್ನು ಹೊಸ ಕೀಲಿಯಿಂದ ಮತ್ತೆ ಹಾಕಿಕೊಳ್ಳಲು ಪಿಕ್ಸೆಲ್ ಅವಕಾಶ ಕೊಡುತ್ತದೆ. 2018ರ ಪಿಕ್ಸೆಲ್ 3ರಿಂದ ಅದರಲ್ಲಿ ಗೂಗಲ್‌ನದೇ ಆದ ಪ್ರತ್ಯೇಕ ಭದ್ರತಾ ಚಿಪ್ ಕೂಡ ಇದೆ. ಗ್ರಾಫೀನ್‌ಓಎಸ್‌ನಲ್ಲಿ ಗೂಗಲ್ ಪ್ಲೇ ಸೇವೆಗಳು ಮೊದಲಿಗೆ ಇರುವುದಿಲ್ಲ. ಬೇಕೆಂದವರು ಅವನ್ನು ಸಾಮಾನ್ಯ ಆಪ್‌ನಂತೆ, ಯಾವ ವಿಶೇಷಾಧಿಕಾರವೂ ಇಲ್ಲದೆ ಸ್ಥಾಪಿಸಿಕೊಳ್ಳಬಹುದು. ಈ ಲೇಖನದ ವಿಷಯಕ್ಕೆ ಇದು ಬಹಳ ಮುಖ್ಯವಾದ ಮಾದರಿ. ಘಟಕವನ್ನು ಕಿತ್ತೊಗೆಯುವುದಕ್ಕಿಂತ ಅದರ ಅಧಿಕಾರವನ್ನು ಕಿತ್ತುಕೊಳ್ಳುವುದು ಎಷ್ಟೋ ಬಾರಿ ಹೆಚ್ಚು ಪರಿಣಾಮಕಾರಿ.

ಮೊಹರು ಮಾಡಿದ ವಿಭಾಗ

ಸಾಮಾನ್ಯ ಆಪ್ ಅನ್ನು ಅಳಿಸುವಷ್ಟು ಸುಲಭವಾಗಿ ವ್ಯವಸ್ಥಾ ಘಟಕವನ್ನು ಏಕೆ ಅಳಿಸಲಾಗದು ಎಂಬುದು ಫೋನಿನ ಸಂಗ್ರಹದ ರಚನೆಯಿಂದ ತಿಳಿಯುತ್ತದೆ. ಸಂಗ್ರಹವು ಹಲವು ವಿಭಾಗಗಳಾಗಿ ಹಂಚಿಹೋಗಿದೆ. ಬಳಕೆದಾರರ ಚಿತ್ರ, ಸಂದೇಶ ಮತ್ತು ಇಳಿಸಿಕೊಂಡ ಆಪ್‌ಗಳಿರುವುದು ದತ್ತಾಂಶ ವಿಭಾಗದಲ್ಲಿ. ಕಾರ್ಯಾಚರಣ ವ್ಯವಸ್ಥೆ ಮತ್ತು ಪೂರ್ವಸ್ಥಾಪಿತ ಘಟಕಗಳಿರುವುದು ವ್ಯವಸ್ಥಾ ವಿಭಾಗದಲ್ಲಿ. ಎರಡನೆಯದನ್ನು ಓದಬಹುದು, ಅದರ ಮೇಲೆ ಬರೆಯಲಾಗದು.

ಬರೆಯಲಾಗದಂತೆ ಕಾಯುವ ಏರ್ಪಾಡಿಗೆ ಪರಿಶೀಲಿತ ಆರಂಭ ಎಂದು ಹೆಸರು. ಇದರ ಅಡಿಪಾಯ 2013ರ ಆಂಡ್ರಾಯ್ಡ್ 4.4ರಲ್ಲಿ ಬಿತ್ತು, 2016ರ ಆಂಡ್ರಾಯ್ಡ್ 7ರಿಂದ ಅದು ಕಟ್ಟುನಿಟ್ಟಾಯಿತು. ಚಿಪ್‌ನಲ್ಲಿ ಅಚ್ಚಾದ ಸಂಕೇತವು ಬೂಟ್‌ಲೋಡರ್‌ನ ಸಹಿಯನ್ನು ಪರೀಕ್ಷಿಸುತ್ತದೆ, ಬೂಟ್‌ಲೋಡರ್ ತಿರುಳನ್ನು ಪರೀಕ್ಷಿಸುತ್ತದೆ, ತಿರುಳು ವ್ಯವಸ್ಥಾ ವಿಭಾಗವನ್ನು ಪರೀಕ್ಷಿಸುತ್ತದೆ. ಚಿತ್ರದುರ್ಗದ ಏಳುಸುತ್ತಿನ ಕೋಟೆಯಲ್ಲಿ ಒಂದು ಬಾಗಿಲು ದಾಟಿದವರಿಗಷ್ಟೇ ಮುಂದಿನ ಬಾಗಿಲು ಎದುರಾಗುವ ಕ್ರಮವನ್ನು ಇದು ಹೋಲುತ್ತದೆ. ಇಲ್ಲಿ ಪ್ರತಿ ಬಾಗಿಲೂ ಮುಂದಿನ ಬಾಗಿಲು ಅಸಲಿಯೇ ಎಂದು ನೋಡಿದ ನಂತರವೇ ತೆರೆಯುತ್ತದೆ.

ಕೊನೆಯ ಹಂತದ ಪರೀಕ್ಷೆ ನಡೆಯುವ ಬಗೆ ಸೊಗಸಾಗಿದೆ. 4 ಗಿಗಾಬೈಟ್‌ನ ಒಂದು ವ್ಯವಸ್ಥಾ ವಿಭಾಗವನ್ನು ಪರಿಗಣಿಸೋಣ. ಅದನ್ನು 4,096 ಬೈಟ್‌ಗಳ ತುಂಡುಗಳಾಗಿ ಒಡೆದರೆ 10,48,576 ತುಂಡುಗಳಾಗುತ್ತವೆ. ಪ್ರತಿ ತುಂಡಿನಿಂದಲೂ ಗಣಿತದ ಒಂದು ನಿಶ್ಚಿತ ಕ್ರಿಯೆಯ ಮೂಲಕ 32 ಬೈಟ್‌ಗಳ ಒಂದು ಬೆರಳಚ್ಚನ್ನು ಪಡೆಯಲಾಗುತ್ತದೆ. ಒಂದು ತುಂಡಿನ ಜಾಗದಲ್ಲಿ ಇಂಥ 128 ಬೆರಳಚ್ಚುಗಳು ಹಿಡಿಯುವುದರಿಂದ ಎಲ್ಲ ಬೆರಳಚ್ಚುಗಳೂ 8,192 ತುಂಡುಗಳಲ್ಲಿ ಅಡಕವಾಗುತ್ತವೆ. ಆ ತುಂಡುಗಳ ಬೆರಳಚ್ಚುಗಳು 64 ತುಂಡುಗಳಲ್ಲಿ, ಆ 64ರ ಬೆರಳಚ್ಚುಗಳು ಒಂದೇ ತುಂಡಿನಲ್ಲಿ ಕೂಡುತ್ತವೆ. ಆ ಒಂದರ ಬೆರಳಚ್ಚಿಗೆ ತಯಾರಕರ ಸಹಿ ಇರುತ್ತದೆ. ಹತ್ತು ಲಕ್ಷ ತುಂಡುಗಳಲ್ಲಿ ಎಲ್ಲೋ ಒಂದು ಬೈಟ್ ಬದಲಾದರೂ ಮೇಲಿನ ಸಹಿಯೊಂದಿಗೆ ತಾಳೆ ತಪ್ಪುತ್ತದೆ.

ಆದ್ದರಿಂದ ವ್ಯವಸ್ಥಾ ವಿಭಾಗದಿಂದ ಒಂದು ಅನಗತ್ಯ ಆಪ್ ಅನ್ನು ನಿಜವಾಗಿ ಅಳಿಸಿದರೆ ಫೋನಿನ ದೃಷ್ಟಿಯಲ್ಲಿ ಅದಕ್ಕೂ ಕಳ್ಳ ತಂತ್ರಾಂಶ ನುಸುಳಿದ್ದಕ್ಕೂ ಭೇದವಿಲ್ಲ. ಖಾಸಗಿತನಕ್ಕಾಗಿ ಈ ಸಹಿಯ ಮೊಹರನ್ನು ಒಡೆದವರು ಖಾಸಗಿತನವನ್ನು ಕಾಯುತ್ತಿದ್ದ ಮೊಹರನ್ನೇ ಕಳೆದುಕೊಳ್ಳುತ್ತಾರೆ. ಫೋನನ್ನು ಕೆಲ ಕಾಲ ಕೈವಶ ಮಾಡಿಕೊಂಡ ಅಪರಿಚಿತರು ಅದೇ ಬಿರುಕಿನಿಂದ ಒಳಗೆ ಏನನ್ನಾದರೂ ಸೇರಿಸಿ ಹಿಂದಿರುಗಿಸಬಹುದು.

ತೆಗೆಯುವ ವಿಧಾನಗಳು

ಅತ್ಯಂತ ಸರಳವಾದುದು ನಿಷ್ಕ್ರಿಯಗೊಳಿಸುವಿಕೆ. ಸೆಟ್ಟಿಂಗ್ಸ್‌ನ ಆಪ್‌ಗಳ ಪಟ್ಟಿಯಲ್ಲಿ ಘಟಕವನ್ನು ಆಯ್ದು 'ನಿಷ್ಕ್ರಿಯಗೊಳಿಸಿ' ಎಂಬುದನ್ನು ಒತ್ತಿದರೆ ಅದು ಓಡುವುದು ನಿಲ್ಲುತ್ತದೆ, ಅದರ ಚಿಹ್ನೆ ಮರೆಯಾಗುತ್ತದೆ. ತಯಾರಕರು ಅನುಮತಿಸಿದ ಘಟಕಗಳಿಗೆ ಮಾತ್ರ ಈ ಗುಂಡಿ ಲಭ್ಯ.

ಗುಂಡಿ ಇಲ್ಲದ ಘಟಕಗಳಿಗೆ ಎಡಿಬಿ ಎಂಬ ಸಾಧನ ಬೇಕು. ಇದು ಆಪ್ ರಚಿಸುವವರಿಗಾಗಿ ಇರುವ, ಕಂಪ್ಯೂಟರಿನಿಂದ ಫೋನಿಗೆ ಆದೇಶ ಕಳುಹಿಸುವ ಅಧಿಕೃತ ಸಾಧನ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ಸಂಖ್ಯೆಯ ಮೇಲೆ ಏಳು ಬಾರಿ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಅನ್ನು ಆನ್ ಮಾಡಿ, ಕೇಬಲ್ ಜೋಡಿಸಿ, 'ಸೊನ್ನೆ' ಸಂಖ್ಯೆಯ ಬಳಕೆದಾರರಿಗೆ, ಅಂದರೆ ಫೋನಿನ ಮುಖ್ಯ ಬಳಕೆದಾರರಿಗೆ, ಈ ಘಟಕವನ್ನು ತೆಗೆ ಎಂಬ ಆದೇಶ ನೀಡಬೇಕು. ಕೆಲಸ ಮುಗಿದೊಡನೆ ಡೀಬಗ್ಗಿಂಗ್ ಅನ್ನು ಆಫ್ ಮಾಡುವುದು ಕಡ್ಡಾಯವೆಂದೇ ತಿಳಿಯಬೇಕು. ತೆರೆದೇ ಬಿಟ್ಟರೆ ಫೋನಿಗೆ ಹೊರಗಿನಿಂದ ಆದೇಶ ನೀಡುವ ಒಂದು ದಾರಿ ಉಳಿದುಕೊಳ್ಳುತ್ತದೆ.

ಈ ಎರಡನೆಯ ವಿಧಾನದ ಬಗ್ಗೆ ವ್ಯಾಪಕವಾದ ತಪ್ಪು ತಿಳಿವಳಿಕೆ ಇದೆ. ಹೀಗೆ 'ತೆಗೆದ' ಘಟಕ ವ್ಯವಸ್ಥಾ ವಿಭಾಗದಲ್ಲಿ ಹಾಗೆಯೇ ಉಳಿದಿರುತ್ತದೆ. ಆ ಬಳಕೆದಾರರ ಮಟ್ಟಿಗೆ ಅದು ಸ್ಥಾಪಿತವಾಗಿಲ್ಲ ಎಂಬ ನಮೂದು ಮಾತ್ರ ದತ್ತಾಂಶ ವಿಭಾಗದಲ್ಲಿ ಸೇರುತ್ತದೆ. ಘಟಕವು ಓಡುವುದಿಲ್ಲ, ಜಾಲವನ್ನು ಸಂಪರ್ಕಿಸುವುದಿಲ್ಲ, ಅದು ಕೂಡಿಟ್ಟಿದ್ದ ದತ್ತಾಂಶ ಅಳಿಯುತ್ತದೆ. ಆದರೆ ಮೂಲ ಪ್ರತಿಯ ಜಾಗ ಬಿಡುಗಡೆಯಾಗುವುದಿಲ್ಲ. ಸಂಗ್ರಹ ಸಾಲದೆಂದು ಈ ಕೆಲಸಕ್ಕೆ ಇಳಿಯುವವರಿಗೆ ಹೆಚ್ಚೇನೂ ದಕ್ಕದು. ಖಾಸಗಿತನಕ್ಕಾಗಿ ಇಳಿಯುವವರಿಗೆ ಬೇಕಾದುದು ಸಿಗುತ್ತದೆ. ಮೊಹರು ಒಡೆಯುವುದಿಲ್ಲ, ನವೀಕರಣಗಳು ಬರುತ್ತಲೇ ಇರುತ್ತವೆ, ಇನ್ನೊಂದು ಆದೇಶದಿಂದ ಘಟಕವನ್ನು ಮರಳಿ ತರಬಹುದು.

ಯುನಿವರ್ಸಲ್ ಆಂಡ್ರಾಯ್ಡ್ ಡೀಬ್ಲೋಟರ್ ಎಂಬ ಮುಕ್ತ ತಂತ್ರಾಂಶ ಇದೇ ಆದೇಶಗಳನ್ನು ಗುಂಡಿಗಳ ರೂಪದಲ್ಲಿ ಒದಗಿಸುತ್ತದೆ. ತೆಗೆದರೆ ತೊಂದರೆಯಿಲ್ಲದ ಘಟಕಗಳನ್ನೂ ಅಪಾಯಕಾರಿಯಾದವನ್ನೂ ಅದು ಬೇರೆಬೇರೆ ವರ್ಗಗಳಲ್ಲಿ ತೋರಿಸುತ್ತದೆ. ಕಂಪ್ಯೂಟರ್ ಇಲ್ಲದವರಿಗೆ ಆಂಡ್ರಾಯ್ಡ್ 11ರಿಂದೀಚಿನ ಫೋನುಗಳಲ್ಲಿ ವೈಫೈ ಮೂಲಕವೇ ಆದೇಶ ನೀಡುವ ಶಿಝುಕು ಮತ್ತು ಕ್ಯಾಂಟಾ ಎಂಬ ಆಪ್‌ಗಳ ಜೋಡಿ ಇದೆ.

ಬೂಟ್‌ಲೋಡರ್‌ನ ಬೀಗ ತೆಗೆದು, ಮೂಲಾಧಿಕಾರ (ರೂಟ್) ಪಡೆದು, ವ್ಯವಸ್ಥಾ ವಿಭಾಗವನ್ನೇ ತಿದ್ದುವುದು ಮೂರನೆಯ ವಿಧಾನ. ಬೀಗ ತೆಗೆದ ಕ್ಷಣದಲ್ಲಿ ಬಳಕೆದಾರರ ದತ್ತಾಂಶವೆಲ್ಲ ಅಳಿಯುತ್ತದೆ. ಪ್ರತಿ ಆರಂಭದಲ್ಲೂ ಕಿತ್ತಳೆ ಬಣ್ಣದ ಎಚ್ಚರಿಕೆ ಮೂಡುತ್ತದೆ. ತಿದ್ದಿದ ವಿಭಾಗ ಮೂಲದೊಂದಿಗೆ ತಾಳೆಯಾಗದ ಕಾರಣ ಮುಂದಿನ ಭದ್ರತಾ ನವೀಕರಣಗಳು ವಿಫಲವಾಗಬಹುದು. ಖಾಸಗಿತನವೇ ಗುರಿಯಾಗಿದ್ದರೆ ಈ ದಾರಿ ಹಿಡಿಯಬಾರದು.

ಘಟಕವನ್ನು ಬೇರುಸಹಿತ ಇಲ್ಲವಾಗಿಸುವ ಶುದ್ಧ ಮಾರ್ಗ ಇನ್ನೊಂದಿದೆ: ಮೂಲ ಸಂಕೇತದಿಂದಲೇ ಆ ಘಟಕವನ್ನು ಬಿಟ್ಟು ವ್ಯವಸ್ಥೆಯನ್ನು ಕಟ್ಟಿ, ತಮ್ಮದೇ ಕೀಲಿಯಿಂದ ಸಹಿ ಮಾಡಿ, ಬೀಗವನ್ನು ಮತ್ತೆ ಹಾಕುವುದು. ಆಗ ಆರಂಭದಲ್ಲಿ ಕಾಣುವುದು ಹಳದಿ ಬಣ್ಣದ ಸೂಚನೆ. ಮೊಹರು ಇದೆ, ಅದು ತಯಾರಕರದಲ್ಲ ಎಂಬುದು ಅದರ ಅರ್ಥ. ಆಂಡ್ರಾಯ್ಡ್‌ನ ಮೂಲ ಸಂಕೇತವನ್ನು ಇಳಿಸಿ ಕಟ್ಟಲು 400 ಗಿಗಾಬೈಟ್ ಸಂಗ್ರಹ ಮತ್ತು 64 ಗಿಗಾಬೈಟ್ ರ‍್ಯಾಮ್ ಇರುವ ಕಂಪ್ಯೂಟರ್ ಬೇಕೆಂದು ಗೂಗಲ್ ಸೂಚಿಸುತ್ತದೆ. ಪ್ರತಿ ತಿಂಗಳ ಭದ್ರತಾ ತಿದ್ದುಪಡಿಗೂ ಈ ಶ್ರಮ ಮರುಕಳಿಸುತ್ತದೆ. ಖಾಸಗಿತನದ ವ್ಯವಸ್ಥೆಗಳನ್ನು ರೂಪಿಸುವ ತಂಡಗಳು ಬಳಕೆದಾರರ ಪರವಾಗಿ ಮಾಡುತ್ತಿರುವುದು ಈ ಕೆಲಸವನ್ನೇ.

ಮುಟ್ಟಬಾರದ ಘಟಕಗಳು

ಪೂರ್ವಸ್ಥಾಪಿತವಾದುದೆಲ್ಲವೂ ಹೊರೆ ಎಂಬ ಭಾವನೆ ಕನ್ನಡಿಗರಿಗಂತೂ ಸಲ್ಲದು. ಫೋನಿನಲ್ಲಿ ಕನ್ನಡ ಓದಲು ಸಾಧ್ಯವಾಗಿರುವುದೇ ಒಂದು ಪೂರ್ವಸ್ಥಾಪಿತ ಘಟಕದಿಂದ. 2012ರ ಆಂಡ್ರಾಯ್ಡ್ 4.1 ಆವೃತ್ತಿಯಲ್ಲಿ ಕನ್ನಡ, ತೆಲುಗು ಮತ್ತು ಮಲಯಾಳ ಲಿಪಿಗಳಿಗೆ ಬೆಂಬಲ ಸೇರಿತು. ಅದಕ್ಕೆ ಮುಂಚಿನ ಬಹಳಷ್ಟು ಫೋನುಗಳಲ್ಲಿ ಕನ್ನಡದ ಸಂದೇಶ ತೆರೆದರೆ ಖಾಲಿ ಚೌಕಗಳ ಸಾಲು ಕಾಣುತ್ತಿತ್ತು. ಒತ್ತಕ್ಷರ ಮತ್ತು ಗುಣಿತಾಕ್ಷರಗಳನ್ನು ಸರಿಯಾದ ಸ್ಥಾನದಲ್ಲಿ ಕೂರಿಸುವ ಕೆಲಸ ಫಾಂಟ್ ಕಡತ ಮತ್ತು ಅಕ್ಷರ ಜೋಡಣೆಯ ತಂತ್ರಾಂಶ ಎರಡೂ ಕೂಡಿದಾಗಲೇ ಆಗುವುದು. ಎರಡೂ ವ್ಯವಸ್ಥಾ ವಿಭಾಗದಲ್ಲಿವೆ.

ಕೀಲಿಮಣೆ ಇನ್ನೊಂದು ಸೂಕ್ಷ್ಮ ಘಟಕ. ಟೈಪಿಸುವ ಪ್ರತಿ ಅಕ್ಷರವೂ ಅದರ ಮೂಲಕ ಹಾಯುವುದರಿಂದ ಖಾಸಗಿತನದ ದೃಷ್ಟಿಯಿಂದ ಅದನ್ನು ಬದಲಾಯಿಸುವವರು ಹೆಚ್ಚು. ಕನ್ನಡ ವಿನ್ಯಾಸವಿರುವ, ಜಾಲ ಸಂಪರ್ಕದ ಅನುಮತಿಯನ್ನೇ ಕೇಳದ ಹೆಲಿಬೋರ್ಡ್‌ನಂಥ ಮುಕ್ತ ಕೀಲಿಮಣೆಗಳು ಲಭ್ಯವಿವೆ. ಹೊಸದನ್ನು ಸ್ಥಾಪಿಸಿ, ಪೂರ್ವನಿಗದಿಯಾಗಿ ಆರಿಸಿ, ಫೋನನ್ನು ಒಮ್ಮೆ ಮರುಆರಂಭಿಸಿ, ಬೀಗದ ಪರದೆಯಲ್ಲಿ ಪಾಸ್‌ವರ್ಡ್ ಬರೆಯಲು ಬರುತ್ತದೆಯೇ ಎಂದು ಖಚಿತಪಡಿಸಿಕೊಂಡ ನಂತರವೇ ಹಳೆಯದನ್ನು ತೆಗೆಯಬೇಕು. ಈ ಕ್ರಮ ತಪ್ಪಿದರೆ ಮಾಲೀಕರೇ ತಮ್ಮ ಫೋನಿನ ಹೊರಗೆ ಉಳಿಯಬೇಕಾಗುತ್ತದೆ.

ವೆಬ್‌ವ್ಯೂ ಎಂಬ ಘಟಕಕ್ಕೆ ಚಿಹ್ನೆ ಇಲ್ಲ. ಆಪ್‌ಗಳ ಒಳಗೆ ಜಾಲಪುಟಗಳನ್ನು ತೋರಿಸುವುದು ಅದರ ಕೆಲಸ. 2021ರ ಮಾರ್ಚ್‌ನಲ್ಲಿ ಅದರ ಒಂದು ದೋಷಪೂರಿತ ನವೀಕರಣದಿಂದ ಜಗತ್ತಿನಾದ್ಯಂತ ಜಿಮೇಲ್ ಸೇರಿದಂತೆ ಅನೇಕ ಆಪ್‌ಗಳು ತೆರೆದೊಡನೆ ಮುಚ್ಚಿಹೋಗತೊಡಗಿದವು. ಒಂದು ಘಟಕದ ಮೇಲೆ ಎಷ್ಟು ಆಪ್‌ಗಳು ಆತುಕೊಂಡಿವೆ ಎಂಬುದು ಅಂದು ಜನಸಾಮಾನ್ಯರಿಗೂ ತಿಳಿಯಿತು.

ತುರ್ತು ಎಚ್ಚರಿಕೆಯ ಘಟಕವನ್ನೂ ಇಲ್ಲಿಯೇ ಹೇಳಬೇಕು. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ದೂರಸಂಪರ್ಕ ಇಲಾಖೆ ಪ್ರಾಯೋಗಿಕ ಎಚ್ಚರಿಕೆ ಸಂದೇಶ ಕಳುಹಿಸಿದಾಗ ಫೋನುಗಳು ಒಮ್ಮೆಲೇ ಜೋರಾಗಿ ಮೊಳಗಿದವು. ಆ ಸಂದೇಶವನ್ನು ಮೊಬೈಲ್ ಗೋಪುರದಿಂದ ಗ್ರಹಿಸುವ ಘಟಕ ಯಾರ ಮಾಹಿತಿಯನ್ನೂ ಹೊರಗೆ ಕಳುಹಿಸುವುದಿಲ್ಲ, ಅದು ಕೇವಲ ಕೇಳಿಸಿಕೊಳ್ಳುತ್ತದೆ. ಕಿರಿಕಿರಿಯೆಂದು ಅದನ್ನು ತೆಗೆದವರಿಗೆ ಪ್ರವಾಹದ ಮುನ್ಸೂಚನೆಯೂ ತಲುಪದು.

ಒಂದು ಫೋನು, ಹಲವು ಬಳಕೆದಾರರು

ಮೇಲೆ ಹೇಳಿದ 'ಸೊನ್ನೆ' ಸಂಖ್ಯೆಯ ಬಳಕೆದಾರರ ಪರಿಕಲ್ಪನೆ 2012ರಲ್ಲಿ ಟ್ಯಾಬ್ಲೆಟ್‌ಗಳಿಗೆ, 2014ರ ಆಂಡ್ರಾಯ್ಡ್ 5ರಲ್ಲಿ ಫೋನುಗಳಿಗೆ ಬಂತು. ಒಂದೇ ಸಾಧನದಲ್ಲಿ ಬೇರೆಬೇರೆ ಬಳಕೆದಾರರ ಆಪ್ ಮತ್ತು ದತ್ತಾಂಶಗಳು ಪ್ರತ್ಯೇಕವಾಗಿ ಉಳಿಯುತ್ತವೆ. ಹಂಚಿಕೊಂಡು ಬಳಸುವ ಸಾಧನದಲ್ಲೂ ಪ್ರತಿಯೊಬ್ಬರ ಮಾಹಿತಿ ಅವರದೇ ಆಗಿರಬೇಕೆಂಬ ವಿಚಾರ ಕರ್ನಾಟಕದಲ್ಲಿ ಅದಕ್ಕಿಂತ ಬಹಳ ಮೊದಲೇ ಮೂರ್ತವಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಕೂಡಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಗಣಕ ಲಿನಕ್ಸ್ ಆಧಾರಿತವಾಗಿತ್ತು. ಹಳ್ಳಿಯ ಹಲವರು ಒಂದೇ ಸಾಧನವನ್ನು ಬಳಸುವಾಗ ಪ್ರತಿಯೊಬ್ಬರೂ ತಮ್ಮ ಮಾಹಿತಿಯನ್ನು ಸ್ಮಾರ್ಟ್ ಕಾರ್ಡ್‌ನಲ್ಲಿ ಒಯ್ಯುವಂತೆ ಅದನ್ನು ಯೋಜಿಸಲಾಗಿತ್ತು. ಅದರ ಅಮಿಡಾ ಮಾದರಿಯನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 2004ರಲ್ಲಿ ತಯಾರಿಸಿತು. ಸಾಧನ ಮಾರುಕಟ್ಟೆಯಲ್ಲಿ ನೆಲೆಯೂರದಿದ್ದರೂ ಆ ಚಿಂತನೆ ಗೌರವಕ್ಕೆ ಅರ್ಹವಾದುದು.

ಇಂದಿನ ಫೋನಿನಲ್ಲಿ ಈ ಬೇರ್ಪಡೆಯನ್ನು ಹೀಗೆ ಬಳಸಬಹುದು. ಮುಖ್ಯ ಬಳಕೆದಾರರ ಖಾತೆಯಿಂದ ಗೂಗಲ್ ಸೇವೆಗಳನ್ನು ದೂರವಿಟ್ಟು, ಅವು ಇಲ್ಲದೆ ನಡೆಯದ ಬ್ಯಾಂಕಿನ ಆಪ್‌ಗಳಿಗಾಗಿ ಎರಡನೆಯ ಖಾತೆಯೊಂದನ್ನು ತೆರೆಯಬಹುದು. 2024ರ ಆಂಡ್ರಾಯ್ಡ್ 15ರಲ್ಲಿ ಬಂದ ಖಾಸಗಿ ಸ್ಥಳವೂ ಇದೇ ತತ್ತ್ವದ್ದು. ಒಂದು ಖಾತೆಯಲ್ಲಿ ತೆಗೆದ ಘಟಕ ಇನ್ನೊಂದರಲ್ಲಿ ಉಳಿದಿರುತ್ತದೆ ಎಂಬುದನ್ನು ಮರೆಯಬಾರದು.

ಕಾನೂನಿನ ನೆಲೆ

ಖಾಸಗಿತನ ಭಾರತದಲ್ಲಿ ಮೂಲಭೂತ ಹಕ್ಕು. ಇದನ್ನು ಸ್ಥಾಪಿಸಿದ ಪ್ರಕರಣಕ್ಕೆ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಸಲ್ಲಿಸಿದರು. ಅದರಿಂದ ಎದ್ದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದ ಉತ್ತರ ನೀಡಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ನಿಧನರಾದರು.

ಪೂರ್ವಸ್ಥಾಪಿತ ಆಪ್‌ಗಳ ಪ್ರಶ್ನೆ ಸ್ಪರ್ಧಾ ಕಾನೂನಿನ ಅಡಿಯಲ್ಲೂ ಬಂದಿದೆ. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ಗೂಗಲ್‌ಗೆ ₹1,337.76 ಕೋಟಿ ದಂಡ ವಿಧಿಸಿ, ತನ್ನ ಆಪ್‌ಗಳ ಗೊಂಚಲನ್ನು ತಯಾರಕರ ಮೇಲೆ ಹೇರಬಾರದೆಂದೂ, ಬಳಕೆದಾರರು ಅವನ್ನು ತೆಗೆಯುವುದನ್ನು ತಡೆಯಬಾರದೆಂದೂ ಆದೇಶಿಸಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ಕೆಲವು ನಿರ್ದೇಶನಗಳನ್ನು ರದ್ದುಪಡಿಸಿತು. ರದ್ದಾದವುಗಳಲ್ಲಿ ಆಪ್ ತೆಗೆಯುವ ಸ್ವಾತಂತ್ರ್ಯದ ನಿರ್ದೇಶನವೂ ಸೇರಿತ್ತು.

2025ರ ನವೆಂಬರ್ 28ರಂದು ದೂರಸಂಪರ್ಕ ಇಲಾಖೆ ಸಂಚಾರ್ ಸಾಥಿ ಆಪ್ ಅನ್ನು ಎಲ್ಲ ಹೊಸ ಫೋನುಗಳಲ್ಲಿ ಪೂರ್ವಸ್ಥಾಪಿಸಬೇಕೆಂದು ತಯಾರಕರಿಗೆ ಸೂಚಿಸಿತು. ಕಳುವಾದ ಫೋನನ್ನು ನಿರ್ಬಂಧಿಸಲು ಅದು ನಿಜಕ್ಕೂ ಉಪಯುಕ್ತವಾದ ಆಪ್. ಆದರೂ ಅದರ ಸೌಲಭ್ಯಗಳನ್ನು ನಿಷ್ಕ್ರಿಯಗೊಳಿಸುವಂತಿರಬಾರದು ಎಂಬ ಷರತ್ತಿಗೆ ತೀವ್ರ ವಿರೋಧ ವ್ಯಕ್ತವಾಯಿತು. ಡಿಸೆಂಬರ್ 3ರಂದು ಕಡ್ಡಾಯವನ್ನು ಹಿಂಪಡೆಯಲಾಯಿತು. ಉಪಯುಕ್ತತೆ ಬೇರೆ, ಒಪ್ಪಿಗೆ ಬೇರೆ ಎಂಬುದನ್ನು ಜನ ಆ ಐದಾರು ದಿನಗಳಲ್ಲಿ ಸ್ಪಷ್ಟವಾಗಿ ಹೇಳಿದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ ಓದುವ ಆಯ್ಕೆ ನೀಡಬೇಕು.

ಹೋಬಳಿಯ ಬಳಕೆಯಲ್ಲಿ

ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರು ಹೋಬಳಿಯಂಥ ಕೃಷಿ ಪ್ರದೇಶದಲ್ಲಿ ಫೋನಿನ ಮೇಲೆ ಬೀಳುವ ಕೆಲಸಗಳು ನಗರದವರ ಪಟ್ಟಿಗಿಂತ ಭಿನ್ನ. 2020ರಿಂದ ರೈತರೇ ತಮ್ಮ ಸರ್ವೆ ನಂಬರಿನ ಬೆಳೆಯ ಚಿತ್ರ ತೆಗೆದು ಸರ್ಕಾರಕ್ಕೆ ಕಳುಹಿಸುವ ಬೆಳೆ ಸಮೀಕ್ಷೆ ಆಪ್ ಬಳಕೆಯಲ್ಲಿದೆ. ನಿಂತ ಜಾಗದ ಸರ್ವೆ ನಂಬರನ್ನು ತಿಳಿಸುವ ದಿಶಾಂಕ್ ಆಪ್ ಅನ್ನು ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದೆ. ಇವೆರಡಕ್ಕೂ ನಿಖರವಾದ ಸ್ಥಳ ಮಾಹಿತಿ ಬೇಕು. ಸಾಮಾನ್ಯ ಫೋನಿನಲ್ಲಿ ಸ್ಥಳ ತಿಳಿಯಲು ಉಪಗ್ರಹದ ಜೊತೆಗೆ ಸುತ್ತಲಿನ ವೈಫೈ ಮತ್ತು ಗೋಪುರಗಳ ಸುಳಿವನ್ನು ಗೂಗಲ್ ಸೇವೆಗಳು ಒದಗಿಸುತ್ತವೆ. ಅವನ್ನು ತೆಗೆದರೆ ಉಪಗ್ರಹವೊಂದೇ ಆಧಾರವಾಗಬಹುದು. ಮೊದಲ ಬಾರಿ ಸ್ಥಳ ಸಿಗಲು ಕೆಲವು ನಿಮಿಷ ಕಾಯಬೇಕಾದೀತು. ಮೆಕ್ಕೆಜೋಳದ ಬಯಲು ಹೊಲದಲ್ಲಿ ಆಕಾಶ ತೆರೆದಿರುವುದರಿಂದ ಇದು ದೊಡ್ಡ ತೊಡಕಲ್ಲ. ದಟ್ಟವಾದ ಅಡಿಕೆ ತೋಟದೊಳಗೆ ತೊಡಕು ಹೆಚ್ಚು.

ಯುಪಿಐ ಆಪ್‌ಗಳು ನೋಂದಣಿಯ ವೇಳೆ ಸಿಮ್‌ನಿಂದ ಒಂದು ಕಿರುಸಂದೇಶ ಕಳುಹಿಸಿ ಫೋನನ್ನು ಖಾತೆಗೆ ಜೋಡಿಸುತ್ತವೆ. ಆದಕಾರಣ ಸಂದೇಶ ಮತ್ತು ದೂರವಾಣಿ ಸೇವೆಯ ಘಟಕಗಳು ಉಳಿದಿರಬೇಕು. ಅನೇಕ ಬ್ಯಾಂಕ್ ಆಪ್‌ಗಳು ಗೂಗಲ್‌ನ ಸಾಧನ ಪರಿಶೀಲನೆಯನ್ನು ನೆಚ್ಚಿಕೊಂಡಿವೆ. ಪ್ಲೇ ಸೇವೆಗಳಿಲ್ಲದ ಅಥವಾ ಬೀಗ ತೆಗೆದ ಫೋನಿನಲ್ಲಿ ಅವು ತೆರೆಯಲು ನಿರಾಕರಿಸಬಹುದು. ಅಂಥ ಸಂದರ್ಭಕ್ಕೆ *99# ಸಂಖ್ಯೆಯ ಮೂಲಕ ನಡೆಯುವ, ಯಾವ ಆಪ್ ಕೂಡ ಬೇಡದ ಬ್ಯಾಂಕಿಂಗ್ ಸೇವೆ ಇದೆ.

ತಯಾರಕರ ಜಾಹೀರಾತು ಸೇವೆ, ಆಟಗಳು, ಬಳಸದ ಆಪ್ ಮಳಿಗೆ, ಬೇರೆ ಆಪ್‌ಗಳನ್ನು ತಾನಾಗಿ ಸ್ಥಾಪಿಸುವ ಸಹಾಯಕ ಘಟಕಗಳನ್ನು ಇಂಥ ಫೋನಿನಿಂದ ಮೊದಲು ತೆಗೆಯಬಹುದು. ಒಮ್ಮೆಗೆ ಒಂದನ್ನೇ ನಿಷ್ಕ್ರಿಯಗೊಳಿಸಿ, ಅದರ ಹೆಸರನ್ನು ಕಾಗದದಲ್ಲಿ ಬರೆದಿಟ್ಟು, ಕರೆ, ಪಾವತಿ ಮತ್ತು ಸ್ಥಳ ಮಾಹಿತಿ ಕೆಲವು ದಿನ ಸರಿಯಾಗಿ ನಡೆದದ್ದನ್ನು ನೋಡಿ ಮುಂದಿನದಕ್ಕೆ ಹೋಗಬೇಕು. ಎಡವಟ್ಟಾಗಿ ಫೋನು ಆರಂಭವಾಗದೇ ಹೋದರೆ, ಚಿತ್ರ ಮತ್ತು ಸಂಪರ್ಕಗಳ ಪ್ರತಿಯನ್ನು ಬೇರೆಡೆ ಇಟ್ಟಿರುವವರು ರಿಕವರಿ ಸ್ಥಿತಿಯಿಂದ ಫ್ಯಾಕ್ಟರಿ ರೀಸೆಟ್ ಮಾಡಬಹುದು. ವ್ಯವಸ್ಥಾ ವಿಭಾಗವನ್ನು ಮುಟ್ಟಿರದ ಕಾರಣ ತೆಗೆದ ಘಟಕಗಳೆಲ್ಲ ಮೊದಲಿನಂತೆ ಮರಳಿ ಬರುತ್ತವೆ, ಫೋನು ಎಂದಿನಂತೆ ಚಾಲೂ ಆಗುತ್ತದೆ.